ಅರ್ಥಶಾಸ್ತ್ರಕ್ಕೆ ಮೂರು ನೆಲೆಗಳನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್

1991ರ ಜುಲೈ 24ರಂದು ಅಂದಿನ ಹಣಕಾಸು ಸಚಿವ ಡಾ. ಮನಮೋಹನ್ ಸಿಂಗ್ ಲೋಕಸಭೆಯಲ್ಲಿ ಮಂಡಿಸಿದ ಮುಂಗಡಪತ್ರ ದೇಶದ ಆರ್ಥಿಕ ನೀತಿಯ ದಿಕ್ಕನ್ನೇ ಬದಲಿಸಿತು. ಅದರ ಮರುದಿನ, ಜುಲೈ 25ರಂದು, ಡಾ. ವಿ.ಕೆ.ಆರ್.ವಿ. ರಾವ್ ತಮ್ಮ 83ನೆಯ ವಯಸ್ಸಿನಲ್ಲಿ ನಿಧನರಾದರು. ಎರಡು ದಶಕಗಳ ಹಿಂದೆ ಮನಮೋಹನ್ ಸಿಂಗ್ ಪ್ರಾಧ್ಯಾಪಕರಾಗಿದ್ದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಅನ್ನು ಸ್ಥಾಪಿಸಿದವರು ಇದೇ ರಾವ್.

ಬೆಂಗಳೂರಿನ ನಾಗರಭಾವಿಯಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ರಸ್ತೆಯಿದೆ. ದಿನವೂ ಆ ಹಾದಿಯಲ್ಲಿ ಸಾಗುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಹಿಂದಿನ ವ್ಯಕ್ತಿಯ ಪರಿಚಯವಿದೆಯೋ ತಿಳಿಯದು. ಸ್ವತಂತ್ರ ಭಾರತದಲ್ಲಿ ಅರ್ಥಶಾಸ್ತ್ರದ ಬೋಧನೆ ಮತ್ತು ಸಂಶೋಧನೆ ಇಂದಿನ ಸ್ವರೂಪ ಪಡೆದದ್ದರ ಹಿಂದೆ ಅವರ ಅರ್ಧ ಶತಮಾನದ ದುಡಿಮೆಯಿದೆ. ಆ ವ್ಯವಸ್ಥೆಯಲ್ಲಿ ಇಂದಿಗೂ ಉಳಿದಿರುವ ಕೊರತೆಗಳನ್ನು ಅರಿಯಲೂ ಅವರ ಬದುಕನ್ನು ತಿರುಗಿ ನೋಡಬೇಕಾಗುತ್ತದೆ.

ಕೇಂಬ್ರಿಜ್‌ನಲ್ಲಿ ಭಾರತದ ಲೆಕ್ಕ

ವಿಜಯೇಂದ್ರ ಕಸ್ತೂರಿರಂಗ ವರದರಾಜ ರಾವ್ ಜನಿಸಿದ್ದು 1908ರ ಜುಲೈ 8ರಂದು, ತಮಿಳುನಾಡಿನ ಕಾಂಚೀಪುರದಲ್ಲಿ. ಮುಂಬಯಿಯಲ್ಲಿ ಅರ್ಥಶಾಸ್ತ್ರದ ಉನ್ನತ ವ್ಯಾಸಂಗ ಮುಗಿಸಿ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ತೆರಳಿದರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲವದು. ನಿರುದ್ಯೋಗಕ್ಕೆ ಕಾರಣವೇನು, ಸರ್ಕಾರದ ಹೊಣೆಯೇನು ಎಂಬ ಪ್ರಶ್ನೆಗಳಿಗೆ ಜಾನ್ ಮೇನಾರ್ಡ್ ಕೇನ್ಸ್ ಹೊಸ ಉತ್ತರಗಳನ್ನು ರೂಪಿಸುತ್ತಿದ್ದ ದಿನಗಳಲ್ಲಿ ರಾವ್ ಅವರ ಶಿಷ್ಯರಾದರು.

ಆದರೆ ಸಂಶೋಧನೆಗೆ ಅವರು ಆರಿಸಿಕೊಂಡದ್ದು ಭಾರತದ ಪ್ರಶ್ನೆಯನ್ನು. ಬ್ರಿಟಿಷ್ ಭಾರತದ ಜನರ ಒಟ್ಟು ವರಮಾನ ಎಷ್ಟು ಎಂಬುದೇ ಅವರ ವಿಷಯ. ದಾದಾಭಾಯಿ ನವರೋಜಿ 1867-68ನೇ ಸಾಲಿಗೆ ತಲಾ ವರಮಾನ 20 ರೂಪಾಯಿ ಎಂದು ಅಂದಾಜಿಸಿದ್ದರು. ಅನಂತರವೂ ಹಲವರು ಈ ಲೆಕ್ಕಕ್ಕೆ ಕೈಹಾಕಿದ್ದರು. ಆಡಳಿತವನ್ನು ಸಮರ್ಥಿಸುವವರ ಅಂಕಿ ಒಂದಾದರೆ, ಟೀಕಿಸುವವರ ಅಂಕಿ ಮತ್ತೊಂದಾಗಿತ್ತು.

ರಾವ್ ಎರಡು ವಿಧಾನಗಳನ್ನು ಜೋಡಿಸಿದರು. ಕೃಷಿಯಂತಹ ಕ್ಷೇತ್ರಗಳಲ್ಲಿ ಉತ್ಪನ್ನದ ಮೌಲ್ಯವನ್ನು ಲೆಕ್ಕ ಹಾಕಿದರು. ವ್ಯಾಪಾರ, ಸೇವೆಗಳಂತಹ ಕ್ಷೇತ್ರಗಳಲ್ಲಿ ದುಡಿಯುವವರ ಗಳಿಕೆಯನ್ನು ಎಣಿಸಿದರು. 1931-32ನೇ ಸಾಲಿಗೆ ಅವರು ಕಂಡುಕೊಂಡ ತಲಾ ವಾರ್ಷಿಕ ವರಮಾನ 62 ರೂಪಾಯಿ, ಅಂದರೆ ತಿಂಗಳಿಗೆ ಐದು ರೂಪಾಯಿಗಿಂತ ತುಸು ಹೆಚ್ಚು. ದೇಶದ ಬಡತನವನ್ನು ವ್ಯವಸ್ಥಿತ ವಿಧಾನದಿಂದ ಅಳೆದ ಆ ಕೃತಿ 1940ರಲ್ಲಿ ಪ್ರಕಟವಾಯಿತು. ಸ್ವಾತಂತ್ರ್ಯಾನಂತರ 1949ರಲ್ಲಿ ಸರ್ಕಾರ ರಾಷ್ಟ್ರೀಯ ವರಮಾನ ಸಮಿತಿಯನ್ನು ನೇಮಿಸಿದಾಗ ಪಿ.ಸಿ. ಮಹಲನೋಬಿಸ್ ಅಧ್ಯಕ್ಷರಾದರೆ, ಡಿ.ಆರ್. ಗಾಡ್ಗೀಳ್ ಮತ್ತು ರಾವ್ ಸದಸ್ಯರಾದರು.

ಮೊದಲ ನೆಲೆ ದೆಹಲಿಯಲ್ಲಿ

ರಾವ್ 1942ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಪುಣೆಯಲ್ಲಿ ಗಾಡ್ಗೀಳರ ನೇತೃತ್ವದ ಗೋಖಲೆ ಸಂಸ್ಥೆ 1930ರಿಂದಲೇ ಸಂಶೋಧನೆ ನಡೆಸುತ್ತಿತ್ತು. ಇಂತಹ ಕೆಲವನ್ನು ಹೊರತುಪಡಿಸಿದರೆ ಅಂದಿನ ಬಹುತೇಕ ಕಾಲೇಜುಗಳಲ್ಲಿ ಅರ್ಥಶಾಸ್ತ್ರವೆಂದರೆ ಇಂಗ್ಲೆಂಡಿನ ಪಠ್ಯಪುಸ್ತಕವನ್ನು ಓದಿ ಪರೀಕ್ಷೆಯಲ್ಲಿ ಒಪ್ಪಿಸುವ ವಿಷಯವಾಗಿತ್ತು. ಪಾಠ ಹೇಳುವವರೇ ಸಂಶೋಧನೆಯನ್ನೂ ನಡೆಸುವ, ವಿದ್ಯಾರ್ಥಿ ದೇಶದ ಅಂಕಿ-ಅಂಶಗಳೊಡನೆ ನೇರವಾಗಿ ವ್ಯವಹರಿಸುವ ಸಂಸ್ಥೆಯೊಂದು ಬೇಕೆಂಬುದು ರಾವ್ ಅವರ ನಿಲುವು.

ಲಂಡನ್ನಿನ ಪ್ರಸಿದ್ಧ ಸ್ಕೂಲ್ ಆಫ್ ಎಕನಾಮಿಕ್ಸ್ ಮಾದರಿಯಲ್ಲಿ 1949ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆರಂಭವಾಯಿತು. ಪ್ರಧಾನಿ ನೆಹರೂ ಅವರ ಬೆಂಬಲ ದೊರೆಯಿತು. ದಾನಿಗಳ ನೆರವನ್ನೂ ರಾವ್ ಪಡೆದರು. ಅಲ್ಲಿನ ಗ್ರಂಥಾಲಯಕ್ಕೆ ರತನ್ ಟಾಟಾ ಅವರ ಹೆಸರಿದೆ. 1957ರಿಂದ 1960ರವರೆಗೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಅಲ್ಲಿ ಸಮಾಜಶಾಸ್ತ್ರ ವಿಭಾಗ ತೆರೆದು, ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರನ್ನು ಕರೆತಂದರು. ಅರ್ಥಶಾಸ್ತ್ರಜ್ಞನಿಗೆ ಸಮಾಜದ ತಿಳಿವಳಿಕೆಯೂ ಬೇಕೆಂಬ ಅವರ ಧೋರಣೆಗೆ ಇದು ಸಾಕ್ಷಿ.

ಗುರುವಿನ ಸಿದ್ಧಾಂತಕ್ಕೆ ಶಿಷ್ಯನ ಪ್ರಶ್ನೆ

ಈ ಸಂಸ್ಥೆಯ ನಿಯತಕಾಲಿಕ 'ಇಂಡಿಯನ್ ಎಕನಾಮಿಕ್ ರಿವ್ಯೂ'ದಲ್ಲಿ 1952ರಲ್ಲಿ ರಾವ್ ಬರೆದ ಲೇಖನವೊಂದು ಇಂದಿಗೂ ಚರ್ಚೆಯಲ್ಲಿದೆ. ಸರ್ಕಾರ ಹೂಡುವ ಒಂದು ರೂಪಾಯಿ ಕೈಯಿಂದ ಕೈಗೆ ದಾಟುತ್ತಾ ಹಲವು ಪಟ್ಟು ವರಮಾನ ಸೃಷ್ಟಿಸುತ್ತದೆ ಎಂಬ ಕೇನ್ಸ್ ಅವರ ಗುಣಕ ಸಿದ್ಧಾಂತ ಭಾರತಕ್ಕೆ ಅನ್ವಯಿಸುತ್ತದೆಯೇ ಎಂದು ಅವರು ಪರಿಶೀಲಿಸಿದ್ದರು.

ಇಂಗ್ಲೆಂಡಿನಲ್ಲಿ ಯಂತ್ರಗಳಿದ್ದೂ ಕಾರ್ಖಾನೆಗಳು ಮುಚ್ಚಿದ್ದವು. ಬೇಡಿಕೆ ಹೆಚ್ಚಿದರೆ ಉತ್ಪಾದನೆ ಹೆಚ್ಚುತ್ತಿತ್ತು. ಭಾರತದ ಸ್ಥಿತಿ ಬೇರೆ. ಇಲ್ಲಿ ನಿರುದ್ಯೋಗ ಹೊಲಗದ್ದೆಗಳಲ್ಲಿ ಅಡಗಿತ್ತು. ಮೂವರು ಮಾಡಬಹುದಾದ ಕೆಲಸವನ್ನು ಮನೆಮಂದಿಯೆಲ್ಲ ಹಂಚಿಕೊಂಡಿದ್ದರು. ಬೆಳೆದ ಧಾನ್ಯದ ದೊಡ್ಡ ಪಾಲು ಮನೆಯ ಊಟಕ್ಕೇ ಸಲ್ಲುತ್ತಿತ್ತು. ನೀರು, ಸಲಕರಣೆ, ಬಂಡವಾಳಗಳಿಲ್ಲದೆ ಹಣವಷ್ಟೇ ಹರಿದರೆ ಇಳುವರಿ ಏರದೆ ಬೆಲೆ ಏರುತ್ತದೆ ಎಂಬುದು ರಾವ್ ಅವರ ತೀರ್ಮಾನ. ಗುರುವಿನ ಸಿದ್ಧಾಂತವನ್ನು ಅವರು ತಿರಸ್ಕರಿಸಲಿಲ್ಲ. ಅದು ಯಾವ ನೆಲಕ್ಕೆ ಹೊಂದುತ್ತದೆ ಎಂದು ಪರೀಕ್ಷಿಸಿದರು. ಭಾರತದ ಅರ್ಥಶಾಸ್ತ್ರ ತರಗತಿಯಿಂದ ಅವರು ನಿರೀಕ್ಷಿಸಿದ್ದೂ ಇದನ್ನೇ.

ಬಡರಾಷ್ಟ್ರಗಳ ಕುರಿತ ಈ ಕಾಳಜಿ ವಿಶ್ವಸಂಸ್ಥೆಯನ್ನೂ ಮುಟ್ಟಿತು. ಆರ್ಥಿಕ ಅಭಿವೃದ್ಧಿ ಕುರಿತ ಅಲ್ಲಿನ ಉಪ ಆಯೋಗದ ಅಧ್ಯಕ್ಷರಾಗಿ, ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ನೀಡುವ ವ್ಯವಸ್ಥೆಯೊಂದನ್ನು 1949ರಲ್ಲಿ ಪ್ರಸ್ತಾಪಿಸಿದರು. ಅಮೆರಿಕದಂತಹ ದೇಶಗಳು ಅದನ್ನು ಒಪ್ಪಲಿಲ್ಲ. ಆದರೆ 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ ಅಸ್ತಿತ್ವಕ್ಕೆ ಬಂದಾಗ ಆ ಆಲೋಚನೆ ಬೇರೊಂದು ರೂಪದಲ್ಲಿ ನೆರವೇರಿತು.

ಬಳ್ಳಾರಿಯಿಂದ ನಾಗರಭಾವಿಗೆ

ರಾವ್ ಅವರ ಎರಡನೆಯ ಸಂಸ್ಥೆ, ದೆಹಲಿಯ ಆರ್ಥಿಕ ಬೆಳವಣಿಗೆ ಸಂಸ್ಥೆ, 1958ರಲ್ಲಿ ಆರಂಭವಾಯಿತು. 1963ರಿಂದ 1966ರವರೆಗೆ ಅವರು ಯೋಜನಾ ಆಯೋಗದ ಸದಸ್ಯರಾಗಿದ್ದರು. 1967 ಮತ್ತು 1971ರ ಚುನಾವಣೆಗಳಲ್ಲಿ ಬಳ್ಳಾರಿ ಕ್ಷೇತ್ರದ ಮತದಾರರು ಅವರನ್ನು ಲೋಕಸಭೆಗೆ ಕಳುಹಿಸಿದರು. ಕೇಂದ್ರ ಸಂಪುಟದಲ್ಲಿ ಮೊದಲು ಸಾರಿಗೆ ಮತ್ತು ನೌಕಾಯಾನ, ಅನಂತರ ಶಿಕ್ಷಣ ಖಾತೆಯನ್ನು ನಿರ್ವಹಿಸಿದರು. ಅವರು ಶಿಕ್ಷಣ ಸಚಿವರಾಗಿದ್ದ 1969ರಲ್ಲಿಯೇ ರಾಷ್ಟ್ರೀಯ ಸೇವಾ ಯೋಜನೆ ಹಾಗೂ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಎರಡೂ ಆರಂಭವಾದವು.

ಸಚಿವ ಸ್ಥಾನದಿಂದ ಹೊರಬಂದ ಮೇಲೆ, 1972ರಲ್ಲಿ, ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನ ಸಂಸ್ಥೆಯನ್ನು ಕಟ್ಟಿದರು. ಇಂದು ಐಸೆಕ್ ಎಂದೇ ಪರಿಚಿತವಾಗಿರುವ ಸಂಸ್ಥೆಯಿದು. ಎಂ.ಎನ್. ಶ್ರೀನಿವಾಸ್ ಇಲ್ಲಿಯೂ ಜೊತೆಯಾದರು. 1977ರವರೆಗೆ ರಾವ್ ಇದರ ನಿರ್ದೇಶಕರಾಗಿದ್ದರು. ಸಂಶೋಧನೆ ದೆಹಲಿಯಲ್ಲೇ ಕೇಂದ್ರೀಕೃತವಾಗದೆ ರಾಜ್ಯಗಳಿಗೂ ಬರಬೇಕೆಂಬ ಆಶಯ ಇದರಿಂದ ಈಡೇರಿತು. 1974ರಲ್ಲಿ ಅವರಿಗೆ ಪದ್ಮವಿಭೂಷಣ ಪುರಸ್ಕಾರ ಸಂದಿತು.

ಸಾಧನೆ ಮತ್ತು ಕೊರತೆ

1960ರ ದಶಕದಲ್ಲಿ ದೆಹಲಿ ಸ್ಕೂಲ್ ಜಗತ್ತಿನ ಗಮನ ಸೆಳೆದಿತ್ತು. ಕೆ.ಎನ್. ರಾಜ್, ಅಮರ್ತ್ಯ ಸೇನ್, ಜಗದೀಶ್ ಭಗವತಿ, ಸುಖಮಯ್ ಚಕ್ರವರ್ತಿ ಅಲ್ಲಿ ಬೋಧಿಸಿದರು. ಆದರೆ ಆ ತಂಡ ಬಹುಕಾಲ ಉಳಿಯಲಿಲ್ಲ. ಭಗವತಿ 1968ರಲ್ಲಿ ಅಮೆರಿಕಕ್ಕೂ, ಸೇನ್ 1971ರಲ್ಲಿ ಲಂಡನ್ನಿಗೂ ತೆರಳಿದರು. ರಾಜ್ ತಿರುವನಂತಪುರಕ್ಕೆ ಹೋಗಿ ಹೊಸ ಸಂಸ್ಥೆಯನ್ನು ಕಟ್ಟಿದರು. ಪ್ರತಿಭಾವಂತ ವಿದ್ಯಾರ್ಥಿಗಳು ಉನ್ನತ ಸಂಶೋಧನೆಗೆ ವಿದೇಶಕ್ಕೆ ಹೋಗುವ ಪರಿಪಾಠ ಇಂದಿಗೂ ನಿಂತಿಲ್ಲ.

ಇನ್ನೊಂದು ಕೊರತೆ ರಾವ್ ಅವರ ಹಾದಿಯಲ್ಲಿಯೇ ಹುಟ್ಟಿತು. ಅವರ ಮೊದಲ ಸಂಸ್ಥೆಯಲ್ಲಿ ಬೋಧನೆ ಮತ್ತು ಸಂಶೋಧನೆ ಒಂದೇ ಸೂರಿನಡಿ ಇದ್ದವು. ಎರಡನೆಯ ಮತ್ತು ಮೂರನೆಯ ಸಂಸ್ಥೆಗಳು ಮುಖ್ಯವಾಗಿ ಸಂಶೋಧನೆಗೆ ಮೀಸಲಾದವು. ಅಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗಳಿದ್ದರೂ ಪದವಿ ತರಗತಿಗಳಿರಲಿಲ್ಲ. ಸಮಾಜ ವಿಜ್ಞಾನ ಮಂಡಳಿಯ ನೆರವಿನಿಂದ ಇಂತಹ ಸಂಸ್ಥೆಗಳು ಹಲವು ರಾಜ್ಯಗಳಲ್ಲಿ ಬೆಳೆದವು. ಮೌಲಿಕ ಅಧ್ಯಯನಗಳೂ ಬಂದವು. ಆದರೆ ವಿದ್ವಾಂಸರು ಸಂಸ್ಥೆಗಳಲ್ಲಿ, ವಿದ್ಯಾರ್ಥಿಗಳು ಕಾಲೇಜುಗಳಲ್ಲಿ ಎಂಬಂತಾಗಿ ಇಬ್ಬರ ನಡುವೆ ಅಂತರ ಏರ್ಪಟ್ಟಿತು.

ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದುವ ವಿದ್ಯಾರ್ಥಿಗೆ ತನ್ನದೇ ಜಿಲ್ಲೆಯ ಕುರಿತು ಐಸೆಕ್ ನಡೆಸಿದ ಅಧ್ಯಯನ ತಲುಪುವುದು ವಿರಳ. ಅವು ಬಹುತೇಕ ಇಂಗ್ಲಿಷಿನಲ್ಲಿವೆ. ಆತನ ಪಾಲಿಗೆ ಗುಣಕ ಸಿದ್ಧಾಂತ ಇಂದಿಗೂ ಹತ್ತು ಅಂಕದ ಪ್ರಶ್ನೆ. ಅದು ತನ್ನ ಊರಿನ ಹೊಲಕ್ಕೆ ಅನ್ವಯಿಸುತ್ತದೆಯೇ ಎಂದು 1952ರಲ್ಲಿ ಒಬ್ಬರು ಕೇಳಿದ್ದರೆಂಬುದು ತರಗತಿಯಲ್ಲಿ ಪ್ರಸ್ತಾಪವಾಗದೆಯೂ ಇರಬಹುದು.

ಇದರ ಹೊಣೆಯನ್ನು ರಾವ್ ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಸಂಸ್ಥೆಗಳೇ ವಿರಳವಾಗಿದ್ದ ಕಾಲದಲ್ಲಿ ಅವರು ಮೂರನ್ನು ಕಟ್ಟಿಕೊಟ್ಟರು. ಅವುಗಳ ಬಾಗಿಲನ್ನು ಸಾಮಾನ್ಯ ಕಾಲೇಜುಗಳತ್ತ ತೆರೆಯುವ ಕೆಲಸ ಮುಂದಿನವರದಾಗಿತ್ತು. ಅವರು ಅಗಲಿ ಮೂರು ದಶಕಗಳು ಕಳೆದರೂ ಅದು ಬಹುಮಟ್ಟಿಗೆ ಬಾಕಿ ಉಳಿದಿದೆ. ನಾಗರಭಾವಿಯ ರಸ್ತೆಯ ಫಲಕದಲ್ಲಿ ಅವರ ಹೆಸರು ಉಳಿದಂತೆ, ರಾಜ್ಯದ ಪದವಿ ತರಗತಿಗಳಲ್ಲಿ ಅವರು ಎತ್ತಿದ ಪ್ರಶ್ನೆಗಳೂ ಉಳಿಯಬೇಕಾಗಿದೆ.