ಹೂತ ಹೆಣದಲ್ಲೂ ವಿಷ ಹುಡುಕಿದ ಓರ್ಫಿಲಾ: ಹಡಗು ಹತ್ತಿದ್ದ ಹುಡುಗ ಸಾಕ್ಷಿ ಕಟಕಟೆಗೆ ಬಂದ ಕಥೆ

ಅನುಮಾನಾಸ್ಪದ ಸಾವು ಅಂತ ದೂರು ಬಂತು, ಹೂತ ಶವವನ್ನ ಅಧಿಕಾರಿಗಳ ಸಮ್ಮುಖದಲ್ಲಿ ಹೊರತೆಗೆದರು, ವಿಸೆರಾ ಎಫ್‌ಎಸ್‌ಎಲ್‌ಗೆ ಹೋಯ್ತು. ಇಂಥ ಸುದ್ದಿಯನ್ನ ಎಲ್ಲರೂ ಓದಿರ್ತಾರೆ. ಹೊಟ್ಟೆ, ಕರುಳು, ಲಿವರ್, ಕಿಡ್ನಿಯ ತುಂಡುಗಳು ಬಾಟಲಿ ಸೇರ್ತವೆ. ಜೊತೆಗೆ ಗುಂಡಿಯ ಮಣ್ಣನ್ನೂ ತುಂಬಿ ಸೀಲ್ ಮಾಡ್ತಾರೆ. ಹೆಣದ ಪರೀಕ್ಷೆಗೆ ಮಣ್ಣು ಯಾಕಪ್ಪಾ ಅಂತ ದೂರ ನಿಂತು ನೋಡೋ ಜನಕ್ಕೆ ಅನ್ನಿಸೋದು ಸಹಜ. ಈ ಮಣ್ಣಿನ ಲೆಕ್ಕ ತಿಳಿಯಬೇಕಂದ್ರೆ ಸುಮಾರು ಇನ್ನೂರು ವರ್ಷ ಹಿಂದಿನ ಫ್ರಾನ್ಸ್‌ಗೆ ಹೋಗಬೇಕು. ಅಲ್ಲಿ ಸಿಗೋ ದೊಡ್ಡ ಹೆಸರು ಮ್ಯಾಥ್ಯೂ ಓರ್ಫಿಲಾ. ವಿಷಶಾಸ್ತ್ರದ ಪಿತಾಮಹ ಅಂತ ಇವತ್ತಿಗೂ ಕರೆಯೋದು ಈತನನ್ನೇ.

ಓರ್ಫಿಲಾ ಹುಟ್ಟಿದ್ದು 1787ರಲ್ಲಿ, ಸ್ಪೇನ್ ಪಕ್ಕದ ಮೆನೋರ್ಕ ದ್ವೀಪದಲ್ಲಿ. ಅಪ್ಪ ವ್ಯಾಪಾರಿ. ಮಗ ಸಮುದ್ರದ ಮೇಲೆ ಬದುಕು ಕಟ್ಟಿಕೊಳ್ಳಲಿ ಅಂತ ಹಡಗು ಹತ್ತಿಸಿದ್ದ. ಹುಡುಗನಿಗೆ ಅದು ಹಿಡಿಸಲಿಲ್ಲ. ವಲೆನ್ಸಿಯಾ, ಬಾರ್ಸಿಲೋನಾದಲ್ಲಿ ಓದಿ, ಅಲ್ಲಿನವರು ಕೊಟ್ಟ ವಿದ್ಯಾರ್ಥಿವೇತನದಲ್ಲಿ 1807ಕ್ಕೆ ಪ್ಯಾರಿಸ್ ಸೇರಿದ. ಮಾರನೇ ವರ್ಷವೇ ಸ್ಪೇನ್-ಫ್ರಾನ್ಸ್ ಯುದ್ಧ ಶುರುವಾಗಿ ದುಡ್ಡು ನಿಂತುಹೋಯ್ತು. ಆದ್ರೂ ಓದು ಬಿಡದೆ 1811ರಲ್ಲಿ ಡಾಕ್ಟರ್ ಆದ. ಹೊಟ್ಟೆಪಾಡಿಗೆ ಕೆಮಿಸ್ಟ್ರಿ ಟ್ಯೂಷನ್ ಹೇಳ್ತಿದ್ದ.

ಬದುಕು ತಿರುಗಿದ್ದು ಅಂಥದ್ದೇ ಒಂದು ಪಾಠದಲ್ಲಿ. 1813ರಲ್ಲಿ ಪಾಷಾಣ, ಅಂದ್ರೆ ಆರ್ಸೆನಿಕ್, ಪತ್ತೆ ಮಾಡೋ ವಿಧಾನ ತೋರಿಸ್ತಿದ್ದ. ನೀರಲ್ಲಿ ಕಲಸಿದ ಪಾಷಾಣಕ್ಕೆ ಬರೋ ಬಣ್ಣವೇ ಕಾಫಿಯಲ್ಲಿ ಕಲಸಿದ್ದಕ್ಕೂ ಬರುತ್ತೆ ಅಂತ ಹೇಳಿ ಪರೀಕ್ಷೆ ಮಾಡಿದ್ರೆ, ಬಂದಿದ್ದೇ ಬೇರೆ. ಶಿಷ್ಯರ ಮುಂದೆ ಮುಖಭಂಗ. ಬೇರೆಯವರಾಗಿದ್ರೆ ಮಾತು ಮರೆಸಿ ಮುಂದೆ ಹೋಗ್ತಿದ್ರು. ಈತ ಮಾತ್ರ ಒಂದೊಂದೇ ವಿಷವನ್ನ ಹಾಲು, ಸಾರು, ರಕ್ತ ಅಂತ ಎಲ್ಲದರಲ್ಲೂ ಬೆರೆಸಿ ನೋಡಿದ. ಪುಸ್ತಕದಲ್ಲಿದ್ದ ಪರೀಕ್ಷೆಗಳು ಸಾಲುಸಾಲಾಗಿ ಕೈಕೊಟ್ಟವು. ಕಾಫಿಯಲ್ಲೇ ಸಿಗದ ವಿಷ ಕೊಳೆತ ಕರುಳಲ್ಲಿ ಹೇಗೆ ಸಿಗುತ್ತೆ? ಹಂಗಾದ್ರೆ ಅಲ್ಲಿವರೆಗೆ ಗಲ್ಲಿಗೇರಿದವರು, ಬಚಾವಾದವರು ಎಲ್ಲರ ಕಥೆ ಏನು?

ಆಗ ಬರೆಯೋಕೆ ಹಿಡಿದ ವಿಷಗಳ ಗ್ರಂಥವೇ ಆತನಿಗೆ ಹೆಸರು ತಂದಿದ್ದು. ಅದಕ್ಕಾಗಿ ಲೆಕ್ಕವಿಲ್ಲದಷ್ಟು ನಾಯಿಗಳಿಗೆ ವಿಷ ಹಾಕಿದ. ವಾಂತಿ ಆಗದಿರಲಿ ಅಂತ ಅನ್ನನಾಳವನ್ನೇ ಕಟ್ಟಿಹಾಕ್ತಿದ್ದ. ಓದಿದ್ರೆ ಕರುಳು ಕಿವುಚುತ್ತೆ, ಇವತ್ತಾಗಿದ್ರೆ ಯಾರೂ ಒಪ್ಪಲ್ಲ. ಆದ್ರೆ ವಿಷ ಹೊಟ್ಟೆಯಲ್ಲೇ ಉಳಿಯಲ್ಲ, ರಕ್ತದ ಮೂಲಕ ಲಿವರ್ ತನಕ ಹೋಗಿ ಕೂರುತ್ತೆ ಅನ್ನೋದು ಸಾಬೀತಾಗಿದ್ದು ಈ ದಾರಿಯಲ್ಲೇ.

1831ರಲ್ಲಿ ಓರ್ಫಿಲಾ ಪ್ಯಾರಿಸ್ ಮೆಡಿಕಲ್ ಕಾಲೇಜಿನ ಡೀನ್ ಆದ. ಹೂತ ಶವ ಹೊರತೆಗೆಯೋದರ ಬಗ್ಗೆ ಲೆಸ್ಯೂರ್ ಜೊತೆ ಸೇರಿ ಪುಸ್ತಕ ಪ್ರಕಟಿಸಿದ್ದೂ ಅದೇ ವರ್ಷ. ಮಣ್ಣಲ್ಲಿ, ನೀರಲ್ಲಿ, ಕಕ್ಕಸು ಗುಂಡಿಯಲ್ಲಿ, ತಿಪ್ಪೆಯಲ್ಲಿ ಹೆಣ ಹೇಗೆ ಕೊಳೆಯುತ್ತೆ ಅಂತ ಕೂತು ನೋಡಿ ಬರೆದದ್ದು. ಸಂಜೆಯಾದ್ರೆ ಇದೇ ಮನುಷ್ಯ ದೊಡ್ಡಮನೆಗಳ ಕೂಟದಲ್ಲಿ ಹಾಡ್ತಿದ್ದ, ಒಳ್ಳೆ ಕಂಠವಂತೆ.

1840ರ ಲಫಾರ್ಜ್ ಕೇಸ್ ಮಾತ್ರ ಇಡೀ ಯುರೋಪ್ ಗಮನ ಸೆಳೀತು. ಕಬ್ಬಿಣದ ಕಾರ್ಖಾನೆ ಇಟ್ಟಿದ್ದ ಶಾರ್ಲ್ ಲಫಾರ್ಜ್ ಜನವರಿಯಲ್ಲಿ ವಾಂತಿ, ಹೊಟ್ಟೆನೋವಿನಿಂದ ಸತ್ತ. ಶ್ರೀಮಂತ ಅಂತ ನಂಬಿಸಿ ಮದುವೆಯಾಗಿದ್ದ, ನಿಜದಲ್ಲಿ ಸಾಲಗಾರ. 24 ವರ್ಷದ ಹೆಂಡತಿ ಮಾರಿ ಮನೆಯಲ್ಲಿ ಇಲಿ ಕಾಟ ಅಂತ ಪಾಷಾಣ ತರಿಸಿದ್ದಳು. ಅನುಮಾನಕ್ಕೆ ಅಷ್ಟು ಸಾಕಾಯ್ತು. ಸೆಪ್ಟೆಂಬರ್‌ನಲ್ಲಿ ತ್ಯೂಲ್ ಪಟ್ಟಣದಲ್ಲಿ ವಿಚಾರಣೆ ನಡೆದು, ಎಂಟು ತಿಂಗಳ ಹಿಂದೆ ಹೂತ ಹೆಣವನ್ನ ತೆಗೆಸಿದರು.

ಅಷ್ಟೊತ್ತಿಗೆ ಇಂಗ್ಲೆಂಡ್‌ನ ಜೇಮ್ಸ್ ಮಾರ್ಷ್ 1836ರಲ್ಲಿ ಹೊಸ ಪರೀಕ್ಷೆ ಕೊಟ್ಟಿದ್ದ. ಸತು ಮತ್ತು ಸಲ್ಫ್ಯೂರಿಕ್ ಆಸಿಡ್ ಇರೋ ಪಾತ್ರೆಗೆ ಅನುಮಾನದ ಪದಾರ್ಥ ಹಾಕಿ, ಹೊರಬರೋ ಅನಿಲಕ್ಕೆ ಬೆಂಕಿ ಹಚ್ಚಿ ತಣ್ಣಗಿನ ಪಿಂಗಾಣಿ ಹಿಡಿದ್ರೆ, ಪಾಷಾಣ ಇದ್ದಲ್ಲಿ ಕಪ್ಪು ಹೊಳಪಿನ ಕಲೆ ಕೂರುತ್ತೆ. ಸ್ಥಳೀಯ ತಜ್ಞರಿಗೆ ಶವದಲ್ಲಿ ಆ ಕಲೆ ಸಿಗಲಿಲ್ಲ. ಮಾರಿ ಕಡೆಯವರು ಗೆದ್ದಷ್ಟೇ ಖುಷಿಪಟ್ಟರು. ಆದ್ರೆ ಮನೆಯಿಂದ ತಂದ ಪಾನೀಯಗಳಲ್ಲಿ ಪಾಷಾಣ ಇತ್ತು. ಕೋರ್ಟ್ ಕೊನೆಗೆ ಓರ್ಫಿಲಾನನ್ನ ಕರೆಸ್ತು.

ರಾತ್ರಿಯಿಡೀ ಕೆಲಸ ಮಾಡಿ, ಸೆಪ್ಟೆಂಬರ್ 14ಕ್ಕೆ ಸಾಕ್ಷಿ ಹೇಳಿದ. ಶವದಲ್ಲಿ ಪಾಷಾಣ ಇದೆ. ಅದು ಬಳಸಿದ ಆಸಿಡ್, ಸತುವಿನಿಂದ ಬಂದದ್ದಲ್ಲ. ಶವಪೆಟ್ಟಿಗೆ ಸುತ್ತಲಿನ ಮಣ್ಣಿನದ್ದೂ ಅಲ್ಲ. ಮನುಷ್ಯನ ದೇಹದಲ್ಲಿ ಸಹಜವಾಗಿ ಇರೋದೂ ಅಲ್ಲ. ಈಗ ಗುಂಡಿಯ ಮಣ್ಣು ಲ್ಯಾಬ್‌ಗೆ ಹೋಗೋದು ಈ ಎರಡನೇ ಪ್ರಶ್ನೆಗೇ. ಕೆಲವು ಕಡೆ ಮಣ್ಣಲ್ಲೇ ಪಾಷಾಣ ಇರುತ್ತೆ, ಅದು ಹೆಣಕ್ಕೆ ಇಳಿದ್ರೆ ತಪ್ಪಿತಸ್ಥರಲ್ಲದವರ ಕುತ್ತಿಗೆಗೆ ಬರುತ್ತೆ.

ಸಿಕ್ಕಿದ್ದು ತೀರಾ ಅಲ್ಪ ಪ್ರಮಾಣ. ಮಾರಿ ಪರ ಮಾತಾಡಬೇಕಿದ್ದ ವಿಜ್ಞಾನಿ ರಸ್ಪಾಯ್ ತ್ಯೂಲ್ ಮುಟ್ಟೋಷ್ಟರಲ್ಲಿ ತೀರ್ಪು ಬಂದಾಗಿತ್ತು. ಜೀವಾವಧಿ ಶಿಕ್ಷೆ. ಅವಳು ಅಪರಾಧಿಯೋ ಅಲ್ಲವೋ ಅಂತ ಫ್ರಾನ್ಸ್ ಎರಡು ಪಾಲಾಯ್ತು, ಆ ಜಗಳ ಪುಸ್ತಕಗಳಲ್ಲಿ ಇನ್ನೂ ಮುಗಿದಿಲ್ಲ.

ಓರ್ಫಿಲಾನ ಮೂರನೇ ಉತ್ತರದ ಬುಡವೇ ಅಲುಗಾಡಿತು ಅನ್ನೋದನ್ನೂ ಹೇಳಬೇಕು. ಆರೋಗ್ಯವಂತರ ಮೂಳೆಯಲ್ಲೂ ಪಾಷಾಣ ಇರುತ್ತೆ ಅಂತ ಆತ ಮೊದಲೇ ಸಾರಿದ್ದ. ಬೇರೆಯವರು ಪರೀಕ್ಷಿಸಿದಾಗ ಅದು ಸಿಗಲಿಲ್ಲ. ಕೊನೆಗೆ ತನ್ನ ಮಾತು ತಾನೇ ಹಿಂತೆಗೆದುಕೊಂಡ. ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತವನು ಹಂಗೆ ಮಾಡಿದ್ದು ಸಣ್ಣ ಮಾತಲ್ಲ. ಆದ್ರೆ ಅಷ್ಟರಲ್ಲಿ ಮಾರಿ ಜೈಲಲ್ಲಿದ್ದಳು.

ಗಿಡಮೂಲದ ವಿಷ, ಮಾದಕ ಪದಾರ್ಥಗಳನ್ನ ಶವದಿಂದ ಬೇರ್ಪಡಿಸೋದು ಆತನ ಕೈಗೂ ಎಟುಕಿರಲಿಲ್ಲ. ಪಾಷಾಣ ಲೋಹದಂಥದ್ದು, ಅಂಗಾಂಗ ಸುಟ್ಟರೂ ಉಳಿಯುತ್ತೆ. ನಿಕೋಟಿನ್, ಮಾರ್ಫಿನ್ ಹಂಗಲ್ಲ, ಸುಟ್ಟರೆ ಅವೇ ಹೋಗ್ತವೆ. ಬೆಲ್ಜಿಯಂನ ಸ್ಟಾಸ್ 1850ರ ಬೊಕಾರ್ಮೆ ಕೊಲೆ ಕೇಸ್‌ನಲ್ಲಿ ಆಲ್ಕೋಹಾಲ್, ಆಸಿಡ್, ಈಥರ್ ಬಳಸಿ ಶವದಿಂದ ನಿಕೋಟಿನ್ ತೆಗೆದ. ಸ್ಟಾಸ್-ಒಟ್ಟೊ ಅನ್ನೋ ಆ ವಿಧಾನವನ್ನ ನಮ್ಮ ದೇಶದಲ್ಲಿ ಫೊರೆನ್ಸಿಕ್ ಓದೋರು ಇವತ್ತಿಗೂ ಕಲೀತಾರೆ.

1848ರ ಕ್ರಾಂತಿಯಲ್ಲಿ ಓರ್ಫಿಲಾನ ಡೀನ್ ಹುದ್ದೆ ಹೋಯ್ತು. ಕಾಯಿಲೆ ಬಿದ್ದ ಮಾರಿ 1852ರಲ್ಲಿ ಬಿಡುಗಡೆಯಾಗಿ ಅದೇ ವರ್ಷ ತೀರಿಕೊಂಡಳು. 1853ರ ಮಾರ್ಚ್ 12ರಂದು ಪ್ಯಾರಿಸ್‌ನಲ್ಲಿ ಓರ್ಫಿಲಾ ಸತ್ತ. ವಯಸ್ಸು 65.