ಗುರಿಯನ್ನೂ ಗುರುತನ್ನೂ ಒಂದುಗೂಡಿಸಿದವರು: ಸರ್ ಹೊವರ್ಡ್ ಗ್ರಬ್

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ನಕ್ಷತ್ರಗಳನ್ನು ನೋಡುವವನಿಗೂ ಕೋವಿ ಹಿಡಿದು ಗುರಿಯಿಡುವವನಿಗೂ ಮೇಲುನೋಟಕ್ಕೆ ಯಾವ ಸಂಬಂಧವೂ ಕಾಣದು. ಒಬ್ಬನದು ಶಾಂತವಾದ ಧ್ಯಾನ. ಇನ್ನೊಬ್ಬನದು ಕ್ಷಣಾರ್ಧದ ಕೆಲಸ. ಆದರೆ ಇಬ್ಬರಿಗೂ ಆಧಾರವಾದದ್ದು ಬೆಳಕಿನ ಒಂದೇ ನಿಯಮ. ಈ ಎರಡು ಲೋಕಗಳನ್ನು ತಮ್ಮ ಒಂದೇ ಬಾಳಿನಲ್ಲಿ ಸೇರಿಸಿದ ಮಹನೀಯರು ಐರ್ಲೆಂಡಿನ ಸರ್ ಹೊವರ್ಡ್ ಗ್ರಬ್.

ಗ್ರಬ್ ಅವರು 1844ರಲ್ಲಿ ಡಬ್ಲಿನ್ ನಗರದಲ್ಲಿ ಜನಿಸಿದರು. ತಂದೆ ಥಾಮಸ್ ಗ್ರಬ್ ಸ್ವಪ್ರಯತ್ನದಿಂದ ಯಂತ್ರವಿದ್ಯೆಯನ್ನು ಕಲಿತವರು. ಬ್ಯಾಂಕ್ ಆಫ್ ಐರ್ಲೆಂಡಿನಲ್ಲಿ ನೋಟು ಮುದ್ರಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತ, ಜೊತೆಗೆ ದೂರದರ್ಶಕಗಳನ್ನು ಕಟ್ಟುತ್ತಿದ್ದರು. ಮಗ ಟ್ರಿನಿಟಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಗ, ಆಸ್ಟ್ರೇಲಿಯಾದ ಮೆಲ್ಬರ್ನಿಗೆ 48 ಅಂಗುಲ ವ್ಯಾಸದ ಲೋಹದರ್ಪಣವುಳ್ಳ ದೂರದರ್ಶಕವನ್ನು ಮಾಡಿಕೊಡುವ ಹೊಣೆ ತಂದೆಯ ಪಾಲಿಗೆ ಬರುವುದರಲ್ಲಿತ್ತು. 1865ರಲ್ಲಿ ಮಗ ಓದನ್ನು ಬಿಟ್ಟು ಕಾರ್ಖಾನೆಗೆ ಬಂದರು. ಪದವಿಯ ಬೆಲೆಯನ್ನು ಬಲ್ಲ ನಮಗೆ ಈ ತ್ಯಾಗ ಎಷ್ಟು ದೊಡ್ಡದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆ ತ್ಯಾಗಕ್ಕೆ ಮೊದಲು ದೊರೆತ ಪ್ರತಿಫಲ ಕಹಿಯಾದದ್ದು. 1869ರಲ್ಲಿ ಮೆಲ್ಬರ್ನಿನಲ್ಲಿ ಸ್ಥಾಪನೆಗೊಂಡ ಆ ಯಂತ್ರದ ದರ್ಪಣ ಬೇಗ ಮಂಕಾಯಿತು, ನಿರೀಕ್ಷಿಸಿದ ಫಲ ದೊರೆಯಲಿಲ್ಲ, ಟೀಕೆಗಳು ಎದ್ದವು. ಗ್ರಬ್ ಎದೆಗುಂದಲಿಲ್ಲ. ವಿಯೆನ್ನಾ ನಗರದವರು 27 ಅಂಗುಲದ ಮಸೂರವುಳ್ಳ ದೂರದರ್ಶಕವನ್ನು ಕೇಳಿದಾಗ ಧೈರ್ಯವಾಗಿ ಒಪ್ಪಿಕೊಂಡರು. ಒಂದೇ ಮಸೂರ ಬೆಳಕಿನ ಬಣ್ಣಗಳನ್ನೆಲ್ಲ ಒಂದೇ ಬಿಂದುವಿನಲ್ಲಿ ಕೂಡಿಸಲಾರದು. ಆದುದರಿಂದ ಕ್ರೌನ್ ಮತ್ತು ಫ್ಲಿಂಟ್ ಎಂಬ ಎರಡು ಬಗೆಯ ಗಾಜುಗಳನ್ನು ಜೋಡಿಸಬೇಕು. ಅಷ್ಟು ದೊಡ್ಡ ನಿರ್ದೋಷವಾದ ಗಾಜಿನ ಬಿಲ್ಲೆಗಳು ಪ್ಯಾರಿಸಿನಿಂದ ಬರಲು ಬಹುಕಾಲ ಹಿಡಿಯಿತು. ಆದರೂ 1880ರ ದಶಕದ ಆದಿಯಲ್ಲಿ ಆ ಯಂತ್ರ ಸಿದ್ಧವಾಗಿ, ಮಸೂರದ ದೂರದರ್ಶಕಗಳಲ್ಲಿ ಲೋಕದಲ್ಲೇ ದೊಡ್ಡದೆನಿಸಿತು. 1883ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1887ರಲ್ಲಿ ಸರ್ ಪದವಿಯೂ ಅವರಿಗೆ ದೊರೆತವು.

ನಮ್ಮ ನಾಡಿಗೂ ಅವರ ಕೈಕೆಲಸ ಬಂದಿದೆ. ಭಾವನಗರದ ಮಹಾರಾಜರ ನೆರವಿನಿಂದ ಪುಣೆಯಲ್ಲಿ ನೆಲೆಗೊಂಡ ವೀಕ್ಷಣಾಲಯಕ್ಕೆ 20 ಅಂಗುಲದ ದೂರದರ್ಶಕವನ್ನು ಒದಗಿಸಿದವರು ಗ್ರಬ್ ಅವರೇ. ಆ ವೀಕ್ಷಣಾಲಯ 1912ರಲ್ಲಿ ಮುಚ್ಚಿದ ಮೇಲೆ ಅದು ಕೊಡೈಕನಾಲಿಗೆ ಸೇರಿತು. ಆ ಕೊಡೈಕನಾಲ್ ವೀಕ್ಷಣಾಲಯವೇ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅಂಗವಾಗಿದೆ.

ಇನ್ನು ಅವರ ಹೆಸರನ್ನು ಕೋವಿಯೊಡನೆ ಸೇರಿಸಿದ ಶೋಧನೆಯನ್ನು ನೋಡೋಣ. ಸಾಮಾನ್ಯ ಕೋವಿಯಲ್ಲಿ ಕಣ್ಣಿನ ಬಳಿ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮೊನೆ, ಅದರಾಚೆ ಗುರಿ. ಈ ಮೂರನ್ನೂ ಒಂದೇ ಸಾಲಿಗೆ ತರಬೇಕು. ಆದರೆ ನಮ್ಮ ಕಣ್ಣು ಹತ್ತಿರದ್ದನ್ನೂ ದೂರದ್ದನ್ನೂ ಏಕಕಾಲದಲ್ಲಿ ಸ್ಪಷ್ಟವಾಗಿ ನೋಡಲಾರದು. ಪುಸ್ತಕದ ಅಕ್ಷರವನ್ನು ದಿಟ್ಟಿಸುವಾಗ ಕಿಟಕಿಯಾಚೆಯ ಮರ ಮಸುಕಾಗುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಬಿಗಿಯಾಗಿ ಈ ತೊಡಕು ಹೆಚ್ಚುತ್ತದೆ. ಕೋವಿಯ ಮೇಲೆ ದುರ್ಬೀನನ್ನು ಕೂರಿಸಿದರೆ ಗುರಿ ದೊಡ್ಡದಾಗಿ ಕಾಣುವುದು ನಿಜ. ಆದರೆ ಕಾಣುವ ಪ್ರದೇಶ ಕಿರಿದಾಗುತ್ತದೆ, ಕಣ್ಣನ್ನು ನಿಯತವಾದ ಸ್ಥಾನದಲ್ಲೇ ಇಡಬೇಕಾಗುತ್ತದೆ.

ಗ್ರಬ್ 1900ರಲ್ಲಿ ಇದಕ್ಕೆ ಸರಳವಾದ ಪರಿಹಾರ ಕಂಡುಹಿಡಿದರು. ಮಸೂರದ ನಾಭಿಯಲ್ಲಿ ಒಂದು ಗುರುತನ್ನಿಟ್ಟರೆ ಅದರಿಂದ ಹೊರಟ ಕಿರಣಗಳು ಮಸೂರವನ್ನು ದಾಟಿ ಸಮಾಂತರವಾಗುತ್ತವೆ. ಸಮಾಂತರ ಕಿರಣಗಳು ಕಣ್ಣಿಗೆ ಬಹುದೂರದಿಂದ ಬಂದಂತೆ ತೋರುತ್ತವೆ. ಓರೆಯಾಗಿ ನಿಲ್ಲಿಸಿದ ಪಾರದರ್ಶಕ ಗಾಜು ಈ ಕಿರಣಗಳನ್ನು ಕಣ್ಣಿಗೆ ತಿರುಗಿಸಿದರೆ, ಗಾಜಿನ ಆಚೆಯ ಗುರಿಯೂ ಆ ಗುರುತೂ ಒಂದರ ಮೇಲೊಂದು ನಿಂತು ಎರಡೂ ಸ್ಪಷ್ಟವಾಗಿ ಕಾಣುತ್ತವೆ. ಕಣ್ಣು ಅತ್ತಿತ್ತ ಸ್ವಲ್ಪ ಸರಿದರೂ ಗುರುತು ಗುರಿಯನ್ನು ಬಿಟ್ಟು ಹೆಚ್ಚು ಕದಲದು. ಈ ತತ್ತ್ವವನ್ನು ಅವರು ರಾಯಲ್ ಡಬ್ಲಿನ್ ಸೊಸೈಟಿಯ ಪ್ರಕಟಣೆಯಲ್ಲಿ 1901ರಲ್ಲಿ ವಿವರಿಸಿದರು.

ಚರೆ ಹೊಡೆಯುವ ಕೋವಿಗೆ ಇದರ ಉಪಯೋಗವೇನು? ಹಾರುವ ಹಕ್ಕಿಗೆ ಹೊಡೆಯುವವನು ಕಣ್ಣನ್ನು ಹಕ್ಕಿಯ ಮೇಲೆಯೇ ಇಡಬೇಕು. ಚರೆ ಹರಡಿ ಹೋಗುವುದರಿಂದ ಅವನಿಗೆ ನಳಿಗೆಯ ತುದಿಯ ಸಣ್ಣ ಮಣಿಯೇ ಸಾಕು. ಆದರೆ ಅದೇ ಕೋವಿಯಲ್ಲಿ ಚರೆಯ ಬದಲು ಒಂಟಿ ಗುಂಡನ್ನು ಹಾಕಿದರೆ ಮಣಿ ಸಾಲದು, ಗುರಿ ಖಚಿತವಾಗಿರಬೇಕು. ಅಲ್ಲಿ ಗ್ರಬ್ ತತ್ತ್ವದ ಬೆಳಕಿನ ಚುಕ್ಕೆ ಅನುಕೂಲ; ಅದು ಗುರಿಯನ್ನು ಹಿಗ್ಗಿಸದು, ಎರಡೂ ಕಣ್ಣು ತೆರೆದಿರಬಹುದು. ಚುಕ್ಕೆಯ ಗಾತ್ರವನ್ನು ಕೋನದ ಕಲೆಗಳಲ್ಲಿ ಅಳೆಯುತ್ತಾರೆ. 1 ಕಲೆಯೆಂದರೆ 100 ಗಜ ದೂರದಲ್ಲಿ ಸುಮಾರು 1 ಅಂಗುಲ. ದೊಡ್ಡ ಚುಕ್ಕೆ ಬೇಗ ಕಣ್ಣಿಗೆ ಬೀಳುತ್ತದೆ, ಸಣ್ಣದು ನಿಖರವಾಗಿರುತ್ತದೆ. ದುರ್ಬೀನನ್ನೇ ಆರಿಸುವವನು ಕಡಿಮೆ ಹಿಗ್ಗಿಸುವುದನ್ನೂ ಕಣ್ಣಿನಿಂದ ಸಾಕಷ್ಟು ದೂರವಿಡಬಹುದಾದುದನ್ನೂ ಆರಿಸಬೇಕು. ಇಲ್ಲವಾದರೆ ಕೋವಿ ಹಿಂದಕ್ಕೆ ಒದ್ದಾಗ ಹುಬ್ಬು ಒಡೆಯುವುದು ಖಂಡಿತ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆ ನಿಷಿದ್ಧವಾಗಿದೆ. ಆದ್ದರಿಂದ ನಮಗೆ ಈ ತಿಳಿವಳಿಕೆ ಗುರಿ ಹೊಡೆಯುವ ಪಂದ್ಯಗಳಿಗೆ ಮಾತ್ರ ಸಲ್ಲುತ್ತದೆ.

ಗ್ರಬ್ ಅವರ ಮುಪ್ಪು ಸುಖದ್ದಾಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಜಲಾಂತರ್ಗಾಮಿಗಳ ಪೆರಿಸ್ಕೋಪುಗಳನ್ನು ಅವರ ಕಾರ್ಖಾನೆಯೇ ಬಹುಮಟ್ಟಿಗೆ ಒದಗಿಸಿತು. ಐರ್ಲೆಂಡಿನ ಪರಿಸ್ಥಿತಿ ಕದಡಿದಾಗ ಅದನ್ನು ಇಂಗ್ಲೆಂಡಿಗೆ ಸಾಗಿಸಬೇಕಾಯಿತು. 1919ರ ಸೂರ್ಯಗ್ರಹಣದಲ್ಲಿ ಐನ್‌ಸ್ಟೈನರ ಸಿದ್ಧಾಂತವನ್ನು ಪರೀಕ್ಷಿಸಲು ಬ್ರೆಜಿಲಿನ ಸೋಬ್ರಾಲಿನಲ್ಲಿ ಬಳಸಿದ 4 ಅಂಗುಲದ ಮಸೂರವೂ ಅವರು ಮಾಡಿದ್ದೇ. ಆದರೂ ಯುದ್ಧ ಮುಗಿದ ಮೇಲೆ ನಷ್ಟ ಬೆಳೆದು 1925ರಲ್ಲಿ ಕಾರ್ಖಾನೆ ಸರ್ ಚಾರ್ಲ್ಸ್ ಪಾರ್ಸನ್ಸರ ಕೈಸೇರಿತು. 1931ರಲ್ಲಿ ಗ್ರಬ್ ತೀರಿಕೊಂಡರು.

ಅವರ ಗುರಿಯಂತ್ರ ಮೊದಲು ಹೆಸರಾದದ್ದು ಯುದ್ಧವಿಮಾನಗಳಲ್ಲಿ. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ ವಿದ್ಯುತ್ತಿನಿಂದ ಬೆಳಗುವ ಕೆಂಪು ಚುಕ್ಕೆಯನ್ನು ತಂದ ಮೇಲೆ ಅದು ಸಾಮಾನ್ಯರ ಕೋವಿಗೂ ಬಂತು. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ವಿದ್ಯೆಯ ಫಲ ಕಲಿತವನ ಆಯುಷ್ಯದೊಳಗೇ ಕೈಗೆ ಬರಬೇಕೆಂಬ ನಿಯಮವಿಲ್ಲ. ಓದಿಲ್ಲದ ಮನೆಗಳಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಿಗೆ ಇದು ಧೈರ್ಯ ಕೊಡುವ ಮಾತು. ನಾವು ನೆಟ್ಟದ್ದರ ನೆರಳು ನಮ್ಮ ಹಿಂದೆ ಬರುವವರಿಗೆ ದಕ್ಕಿದರೂ ಸಾಕು.