ಜಡಾನಿಲಗಳ ಟ್ರಾವರ್ಸರು

ನಾಗಪುರದ ವಾಡಿಯಲ್ಲಿ ವಾಸಿಸುವ ನಮಗೆ ಎಂಪ್ರೆಸ್ ಮಿಲ್ಲಿನ ಹೆಸರು ಹೊಸದಲ್ಲ. ಜಮ್‌ಶೇಟ್‌ಜಿ ಟಾಟಾ ಅವರು 1877ರಲ್ಲಿ ತೆರೆದ ಆ ಬಟ್ಟೆಯ ಗಿರಣಿಯು ಈಗ ನಡೆಯುತ್ತಿಲ್ಲವಾದರೂ, ಅವರ ಐಶ್ವರ್ಯಕ್ಕೆ ಅದು ಬಲವಾದ ಆಧಾರವಾಗಿತ್ತು. ತಮ್ಮ ಸಂಪತ್ತಿನ ಒಂದು ದೊಡ್ಡ ಪಾಲನ್ನು ಅವರು ವಿಜ್ಞಾನ ಸಂಶೋಧನೆಗೆಂದು ಮುಡಿಪಾಗಿಟ್ಟುದರಿಂದ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಮಂದಿರವು ಹುಟ್ಟಿತು. ಅದರ ಪ್ರಥಮ ನಿರ್ದೇಶಕರಾಗಿ ಬಂದವರು ಮಾರಿಸ್ ವಿಲಿಯಂ ಟ್ರಾವರ್ಸರು. ನಾಗಪುರಕ್ಕೂ ಕನ್ನಡನಾಡಿಗೂ ಹೀಗೆ ನಂಟುಳ್ಳ ಈ ರಸಾಯನಜ್ಞರ ಜೀವನವನ್ನು ನಾವು ಇಲ್ಲಿ ಹೇಳಬಯಸುತ್ತೇವೆ.

ಟ್ರಾವರ್ಸರು 1872ನೆಯ ಜನವರಿ 24ರಂದು ಲಂಡನ್ನಿನಲ್ಲಿ ಜನಿಸಿದರು. ಅಲ್ಲಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿ, ಅಲ್ಲಿಯೇ ವಿಲಿಯಂ ರಾಮ್ಸೆ ಎಂಬ ಪ್ರಸಿದ್ಧ ಆಚಾರ್ಯರ ಸಹಾಯಕರಾದರು. ರಾಮ್ಸೆಯವರು ರ‍್ಯಾಲೆ ಪ್ರಭುವಿನೊಡನೆ 1894ರಲ್ಲಿ ಗಾಳಿಯಲ್ಲಿ ಆರ್ಗಾನ್ ಎಂಬ ಅನಿಲವನ್ನು ಕಂಡುಹಿಡಿದಿದ್ದರು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಸೋಮಾರಿ ಎಂದು ಅರ್ಥ. ಯಾವ ಮೂಲವಸ್ತುವಿನೊಡನೆಯೂ ಅದು ಕೂಡದಾದುದರಿಂದ ಈ ಹೆಸರು ಬಂತು.

ಗಾಳಿಯಲ್ಲಿ ಇಂತಹ ಸೋಮಾರಿಗಳು ಇನ್ನೂ ಅಡಗಿರಬಹುದೆಂದು ಗುರುಶಿಷ್ಯರು ಊಹಿಸಿದರು. ಅವುಗಳನ್ನು ಹುಡುಕಲು ಅವರು ಅನುಸರಿಸಿದ ಉಪಾಯವು ಬಹು ಸೊಗಸಾದುದು. ಕೂಡದ ವಸ್ತುವನ್ನು ನೇರವಾಗಿ ಹಿಡಿಯುವ ಬಗೆಯಿಲ್ಲ. ಆದುದರಿಂದ ಕೂಡುವವುಗಳನ್ನೆಲ್ಲ ತೆಗೆದುಹಾಕಿ, ಏನು ಉಳಿಯುವುದೆಂದು ನೋಡಬೇಕು. ಈ ಕೆಲಸಕ್ಕೆ ಲೋಹಗಳು ನೆರವಾದುವು. ಕೆಂಪಗೆ ಕಾದ ತಾಮ್ರವು ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಆದರೆ ಸಾರಜನಕವು ಅದಕ್ಕೆ ಬಗ್ಗುವುದಿಲ್ಲ. ಅದಕ್ಕೆ ತಾಮ್ರಕ್ಕಿಂತ ಎಷ್ಟೋ ಚುರುಕಾದ ಮೆಗ್ನೀಸಿಯಂ ಬೇಕು. ಶಾಲೆಯಲ್ಲಿ ನಾವು ಉರುಹೊಡೆಯುವ ಲೋಹಗಳ ಕ್ರಿಯಾಶೀಲತೆಯ ಪಟ್ಟಿಯು ಇಲ್ಲಿ ಮೂಲವಸ್ತುಗಳನ್ನು ಸೋಸುವ ಜರಡಿಯಾಯಿತು!

1898ನೆಯ ಮೇ ತಿಂಗಳ ಕೊನೆಯಲ್ಲಿ ಅವರಿಗೆ ಸ್ವಲ್ಪ ದ್ರವವಾಯು ದೊರೆಯಿತು. ಅದನ್ನು ಮೆಲ್ಲಮೆಲ್ಲನೆ ಆವಿಯಾಗಲು ಬಿಟ್ಟು, ಕೊನೆಗುಳಿದ ಅನಿಲವನ್ನು ಲೋಹಗಳಿಂದ ಶುದ್ಧಮಾಡಿ ರೋಹಿತದರ್ಶಕದಲ್ಲಿ ನೋಡಿದಾಗ, ಯಾವ ಮೂಲವಸ್ತುವಿಗೂ ಸೇರದ ಒಂದು ಹಳದಿ ಗೆರೆಯೂ ಒಂದು ಹಸುರು ಗೆರೆಯೂ ಹೊಳೆದುವು. ಅದೇ ಕ್ರಿಪ್ಟಾನ್, ಎಂದರೆ ಅಡಗಿದ್ದುದು. ಆ ರಾತ್ರಿ ಬಹಳ ಹೊತ್ತಿನವರೆಗೆ ಕೆಲಸ ನಡೆಯಿತು. ಮರುದಿನ ಟ್ರಾವರ್ಸರಿಗೆ ಡಿ.ಎಸ್‌ಸಿ. ಪರೀಕ್ಷೆಯಿತ್ತು, ಅದು ಬಹುಮಟ್ಟಿಗೆ ಮರೆತೇಹೋಗಿತ್ತಂತೆ. (ನಮ್ಮ ಗೆಳೆಯರು ಇದನ್ನೊಂದು ನೆವವಾಗಿ ಹಿಡಿಯಬಾರದು.) ಕೆಲವೇ ವಾರಗಳಲ್ಲಿ ಕೆಂಗಾಂತಿಯ ಇನ್ನೊಂದು ಅನಿಲವು ಸಿಕ್ಕಿತು. ರಾಮ್ಸೆಯವರ ಚಿಕ್ಕ ಮಗನು ಹೊಸದು ಎಂಬರ್ಥದ ಹೆಸರೊಂದನ್ನು ಸೂಚಿಸಲು, ಅದನ್ನು ಗ್ರೀಕಿಗೆ ತಿರುಗಿಸಿ ನಿಯಾನ್ ಎಂದು ಕರೆದರು. ಜುಲೈಯಲ್ಲಿ ಕ್ಸೆನಾನ್ ಬಂದಿತು, ಅದು ಅಪರಿಚಿತ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಕ್ರಿಪ್ಟಾನ್ ಸುಮಾರು ಒಂದು ಭಾಗ ಮಾತ್ರ. ಕ್ಸೆನಾನ್ ಅದರ ಹತ್ತರಲ್ಲೊಂದು ಪಾಲೂ ಇಲ್ಲ. 1904ರಲ್ಲಿ ನೊಬೆಲ್ ಬಹುಮಾನವು ರಾಮ್ಸೆಯವರಿಗೆ ಬಂದಿತು. ಶಿಷ್ಯನಿಗೂ ಒಂದು ಪಾಲು ಸಲ್ಲಬೇಕಾಗಿತ್ತೆಂದು ನಮಗನ್ನಿಸುತ್ತದೆ.

ಈ ಅನಿಲಗಳೇಕೆ ಕೂಡುವುದಿಲ್ಲವೆಂಬುದು ಆಗ ತಿಳಿದಿರಲಿಲ್ಲ. ನಿಯಾನಿನ ಪರಮಾಣುವಿನಲ್ಲಿ 10 ಎಲೆಕ್ಟ್ರಾನುಗಳಿವೆ: ಒಳಗೆ 2, ಹೊರಗೆ 8. ಹೊರಗಿನ ಮನೆ ತುಂಬಿರುವುದರಿಂದ ಅದಕ್ಕೆ ಕೊಡುವುದೂ ಬೇಡ, ಕೊಳ್ಳುವುದೂ ಬೇಡ. ಅದರ ನೆರೆಯ ಸೋಡಿಯಂಗೆ 11. ಆ ಒಂದು ಹೆಚ್ಚಿನ ಎಲೆಕ್ಟ್ರಾನನ್ನು ಕೊಟ್ಟುಬಿಡುವ ಆತುರದಿಂದಲೇ ಅದು ನೀರಿಗೆ ಬಿದ್ದೊಡನೆ ಚಟಪಟನೆ ಕುದಿದಾಡುತ್ತದೆ. ಕ್ಲೋರಿನ್ನಿಗೆ 17, ಅದಕ್ಕೆ ಒಂದು ಕೊರತೆ. ಒಂದು ಕೊಟ್ಟು, ಇನ್ನೊಂದು ಕೊಂಡರೆ ಅಡಿಗೆಯ ಉಪ್ಪಾಯಿತು. 1916ರಲ್ಲಿ ಜರ್ಮನಿಯ ಕಾಸೆಲರೂ ಅಮೆರಿಕದ ಲೂಯಿಸರೂ ರಾಸಾಯನಿಕ ಬಂಧದ ಮರ್ಮವನ್ನು ವಿವರಿಸಿದಾಗ, ಬಂಧವೇ ಇಲ್ಲದ ಈ ಅನಿಲಗಳೇ ಅವರಿಗೆ ದಾರಿ ತೋರಿದುವು.

ರಾಮ್ಸೆಯವರು 1900ರಲ್ಲಿ ಟಾಟಾ ಅವರ ಕೋರಿಕೆಯಂತೆ ಭಾರತಕ್ಕೆ ಬಂದು, ವಿಜ್ಞಾನ ಮಂದಿರಕ್ಕೆ ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದ್ದರು. ಟಾಟಾ ಅವರು 1904ರಲ್ಲಿ ತೀರಿಕೊಂಡರು. ತಮ್ಮ ಕನಸನ್ನು ಕಣ್ಣಾರೆ ಕಾಣಲಿಲ್ಲ. 1906ರ ಕೊನೆಯಲ್ಲಿ ಟ್ರಾವರ್ಸರು ಬಂದಾಗ ಕಟ್ಟಡವೂ ಇರಲಿಲ್ಲ, ವಿದ್ಯಾರ್ಥಿಗಳೂ ಇರಲಿಲ್ಲ. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ದಾನಮಾಡಿತು. 1911ರಲ್ಲಿ ಶ್ರೀ ಕೃಷ್ಣರಾಜ ಒಡೆಯರು ಅಸ್ತಿಭಾರವನ್ನಿಟ್ಟರು. ಅದೇ ವರ್ಷ ಮೊದಲ ವಿದ್ಯಾರ್ಥಿಗಳು ಸೇರಿದರು. ಪ್ರಯೋಗಶಾಲೆಯೊಳಗೆ ಸುಖವಾಗಿರಬಹುದಾಗಿದ್ದ ವಿಜ್ಞಾನಿಯು ಐದು ವರ್ಷ ನಕ್ಷೆ, ಲೆಕ್ಕಪತ್ರಗಳ ನಡುವೆ ಕಳೆದರು. ಕೂಡದ ಅನಿಲಗಳನ್ನು ಕಂಡವರಿಗೆ ಆಡಳಿತ ಮಂಡಲಿಯೊಡನೆ ಕೂಡಿಬಾಳುವುದು ಕಷ್ಟವಾಯಿತು. ಭಿನ್ನಾಭಿಪ್ರಾಯಗಳು ಬೆಳೆದು, 1914ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅವರು ನೆಲೆಗೊಳಿಸಿದ ಮಂದಿರವು ಮಾತ್ರ ನಿಂತಿತು.

ಯುದ್ಧಕಾಲದಲ್ಲಿ ಗಾಜಿನ ತಯಾರಿಕೆ, ಅನಂತರ ಇಂಧನಗಳ ಕೆಲಸ, ಬ್ರಿಸ್ಟಲ್ಲಿನಲ್ಲಿ ಸಂಶೋಧನೆ, ಹೀಗೆ ಅವರ ಮುಂದಿನ ದಿನಗಳು ಸಾಗಿದುವು. ಗುರುಗಳ ದೊಡ್ಡ ಜೀವನಚರಿತ್ರೆಯನ್ನು ಬರೆದು 1956ರಲ್ಲಿ ಪ್ರಕಟಿಸಿದಾಗ ಅವರಿಗೆ 84 ವರ್ಷ. 1961ನೆಯ ಆಗಸ್ಟ್ 25ರಂದು ಅವರು ಕಾಲವಾದರು. ಕ್ಸೆನಾನ್ ಯಾವುದರೊಡನೆಯೂ ಕೂಡದೆಂದೇ ಅಂದಿಗೂ ಪುಸ್ತಕಗಳು ಹೇಳುತ್ತಿದ್ದುವು. ಒಂದು ವರ್ಷವೂ ಕಳೆದಿರಲಿಲ್ಲ. 1962ರ ಮಾರ್ಚಿಯಲ್ಲಿ ಕೆನಡದಲ್ಲಿ ನೀಲ್ ಬಾರ್ಟ್ಲೆಟ್ಟರು ಕ್ಸೆನಾನನ್ನು ಪ್ಲಾಟಿನಂ ಮತ್ತು ಫ್ಲೋರಿನ್ನುಗಳ ಸಂಯುಕ್ತವೊಂದರೊಡನೆ ಬೆರೆಸಿದರು. ಹಳದಿ ಬೆರೆತ ಕಿತ್ತಳೆ ಬಣ್ಣದ ಘನವಸ್ತುವೊಂದು ಪಾತ್ರೆಯ ಒಳಮೈಗೆ ಅಂಟಿಕೊಂಡಿತು. ಅಪರಿಚಿತನು ಕೊನೆಗೂ ಕೂಡಿದ್ದನು.